ದೊಡ್ಡ ಸಾಫ್ಟ್‌ವೇರಿನ ನಕ್ಷೆ: ಬಾಣ, ಮ್ಯಾಟ್ರಿಕ್ಸ್, ಟ್ರೀಮ್ಯಾಪ್, ಟ್ರೇಸ್ – ಯಾವುದು ಯಾವಾಗ?

ನೂರಾರು ಮಾಡ್ಯೂಲುಗಳಿರುವ ಸಿಸ್ಟಮ್ಮಿನ ನಕ್ಷೆ ಬೇಕು ಎಂದಾಗ, ಉಪಕರಣ ಹುಡುಕುವ ಮುಂಚೆ ಎರಡು ವಿಷಯ ಗೊತ್ತಿರಬೇಕು. ನಕ್ಷೆ ನೋಡುವವರು ಏನು ತೀರ್ಮಾನ ಮಾಡಬೇಕಾಗಿದೆ ಎಂಬುದು ಒಂದು. ಆ ತೀರ್ಮಾನಕ್ಕೆ ಬೇಕಾದ ಸಂಬಂಧಗಳು ಎಲ್ಲಿ ಬರೆದಿವೆ ಎಂಬುದು ಇನ್ನೊಂದು: ಕೋಡಿನಲ್ಲೋ, ಕಾನ್ಫಿಗರೇಶನ್ ಫೈಲಿನಲ್ಲೋ, ಓಡುತ್ತಿರುವ ಸರ್ವೀಸುಗಳ ನಡುವಿನ ಕರೆಗಳಲ್ಲೋ, ಗಿಟ್ ಇತಿಹಾಸದಲ್ಲೋ (ಕೋಡಿನ ಬದಲಾವಣೆಗಳ ದಾಖಲೆ). ಮೊದಲನೆಯದನ್ನು ಎಲ್ಲರೂ ಹೇಗೋ ಕೇಳಿಕೊಳ್ಳುತ್ತಾರೆ. ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಹಾಗಾಗಿ ಎರಡು ವಾರ ಕೂತು ತೆಗೆದ ನಕ್ಷೆಯಲ್ಲಿ ಮುಖ್ಯವಾದ ಗೆರೆಗಳೇ ಇರುವುದಿಲ್ಲ.

ಇದಕ್ಕೆ ಯಾರು ಬೇಕಾದರೂ ತೆರೆದು ನೋಡಬಹುದಾದ ಉದಾಹರಣೆ ಮೋಸಿಪ್. ದೇಶಗಳು ತಮ್ಮ ಪ್ರಜೆಗಳಿಗೆ ಗುರುತಿನ ಸಂಖ್ಯೆ ಕೊಡಲು ಬಳಸುವ ಈ ಮುಕ್ತ ತಂತ್ರಾಂಶ 2018ರಲ್ಲಿ ಬೆಂಗಳೂರಿನ ಐಐಐಟಿಯಲ್ಲಿ ಶುರುವಾಯಿತು; ಫಿಲಿಪ್ಪೀನ್ಸ್, ಮೊರಾಕೊ ಇದನ್ನು ತೆಗೆದುಕೊಂಡಿವೆ. ಕೋಡೆಲ್ಲ ಗಿಟ್‌ಹಬ್‌ನಲ್ಲಿದೆ, ಬಹುಪಾಲು ಜಾವಾ. ಅದರ ರಿಜಿಸ್ಟ್ರೇಶನ್ ಪ್ರೊಸೆಸರ್ ಭಾಗದಲ್ಲಿ ಒಬ್ಬ ವ್ಯಕ್ತಿಯ ನೋಂದಣಿಯ ಪ್ಯಾಕೆಟ್ ಹಲವು ಹಂತ ದಾಟಿ ಹೋಗುತ್ತದೆ: ಸ್ವೀಕಾರ, ಪರಿಶೀಲನೆ, ಗುಣಮಟ್ಟದ ತಪಾಸಣೆ, ನಕಲು ನೋಂದಣಿಯ ಪತ್ತೆ, ಬೇಕಾದರೆ ಮನುಷ್ಯರಿಂದ ತೀರ್ಪು, ಕೊನೆಗೆ ಸಂಖ್ಯೆ. ಪ್ರತಿ ಹಂತವೂ ಬೇರೆ ಸರ್ವೀಸು. ಒಂದರಿಂದ ಯಾವುದಕ್ಕೆ ಹೋಗಬೇಕೆಂಬುದು ಜಾವಾ ಕೋಡಿನಲ್ಲಿಲ್ಲ. ಸಂದೇಶಗಳಿಗೆ ದಾರಿ ಹಾಕಿಕೊಡುವ ಅಪಾಚೆ ಕ್ಯಾಮಲ್‌ನ ರೂಟುಗಳಾಗಿ ಎಕ್ಸ್‌ಎಂಎಲ್ ಫೈಲಿನಲ್ಲಿದೆ, ಆ ಫೈಲು ಕಾನ್ಫಿಗರೇಶನ್ನಿಗೆಂದೇ ಇರುವ ಬೇರೆ ರೆಪೊಸಿಟರಿಯಲ್ಲಿದೆ. ದೇಶ ತನಗೆ ಬೇಕಾದಂತೆ ಹಂತಗಳನ್ನು ಜೋಡಿಸಿಕೊಳ್ಳಲಿ ಎಂದು ಮಾಡಿದ ಒಳ್ಳೆಯ ವಿನ್ಯಾಸ ಅದು. ಆದರೆ ಕೋಡನ್ನು ಮಾತ್ರ ಓದುವ ಉಪಕರಣಕ್ಕೆ ಈ ಹಂತಗಳು ಒಂದಕ್ಕೊಂದು ಗುರುತೇ ಇಲ್ಲದ ದ್ವೀಪಗಳಾಗಿ ಕಾಣುತ್ತವೆ. ಎಲ್ಲದರಿಂದಲೂ ಒಂದೊಂದು ಬಾಣ ಹೊರಟು ಹಂಚಿಕೊಂಡ ಲೈಬ್ರರಿಗೆ ಹೋಗಿ ಚುಚ್ಚುತ್ತದೆ, ಅಷ್ಟೇ. ಇಲ್ಲಿ ಜಾವಾ ಪಾರ್ಸರ್ ಓಡಿಸುವುದಕ್ಕಿಂತ ಆ ಎಕ್ಸ್‌ಎಂಎಲ್‌ನಿಂದ 'ಎಲ್ಲಿಂದ–ಎಲ್ಲಿಗೆ' ಜೋಡಿಗಳನ್ನು ಎತ್ತುವ ಐವತ್ತು ಸಾಲಿನ ಪೈಥಾನ್ ಸ್ಕ್ರಿಪ್ಟ್ ಹೆಚ್ಚು ಹೇಳುತ್ತದೆ.

ಸ್ಪ್ರಿಂಗ್‌ನಂಥ ಜಾವಾ ಚೌಕಟ್ಟುಗಳಲ್ಲಿ (ಫ್ರೇಮ್‌ವರ್ಕ್) ಇದೇ ತೊಂದರೆ ಸಣ್ಣದಾಗಿ ಮರುಕಳಿಸುತ್ತದೆ. ಕೋಡು ಇಂಟರ್‌ಫೇಸನ್ನು ತೋರಿಸುತ್ತದೆ; ಯಾವ ಕ್ಲಾಸು ಬಂದು ಕೂರುತ್ತದೆ ಎಂಬುದು ಓಡುವಾಗ ತೀರ್ಮಾನವಾಗುತ್ತದೆ. ರಿಫ್ಲೆಕ್ಷನ್ (ಓಡುವಾಗ ಹೆಸರಿನಿಂದ ಕ್ಲಾಸು ಹುಡುಕುವುದು), ಡೇಟಾಬೇಸ್ ಟ್ರಿಗರ್, ಇಬ್ಬರು ಓದಿ ಬರೆಯುವ ಒಂದೇ ಟೇಬಲ್ಲು – ಇವ್ಯಾವುವೂ ಅವಲಂಬನೆಯ ಪಟ್ಟಿಗೆ ತಾವಾಗಿ ಬರುವುದಿಲ್ಲ.

ಬಾಣ ಮತ್ತು ಪೆಟ್ಟಿಗೆ

ಸುಮಾರು ಐವತ್ತು ಪೆಟ್ಟಿಗೆಯೊಳಗಿನ ವಿಷಯಕ್ಕೆ ಬಾಣದ ಚಿತ್ರವನ್ನು ಮೀರಿಸಿದ್ದಿಲ್ಲ. ಅದರಾಚೆ ಅದು ಸಿಕ್ಕುಗಟ್ಟಿದ ನೂಲಿನುಂಡೆ. ಕೋಡಿನಿಂದ ದಾಖಲೆ ತಯಾರಿಸುವ ಡಾಕ್ಸಿಜೆನ್ ತನ್ನ ಗ್ರಾಫುಗಳಿಗೆ ಮೂಲದಲ್ಲೇ 50 ನೋಡ್‌ಗಳ (ಪೆಟ್ಟಿಗೆಗಳ) ಮಿತಿ ಇಟ್ಟಿರುವುದು ಸುಮ್ಮನೆ ಅಲ್ಲ.

ಬಿಡಿಸುವ ಕೆಲಸಕ್ಕೆ ಗ್ರಾಫ್‌ವಿಜ್ ಇಂದಿಗೂ ತಳಪಾಯ. ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಈ ಉಪಕರಣದೊಳಗೆ ಹಲವು ಎಂಜಿನ್‌ಗಳಿವೆ, ತಪ್ಪು ಎಂಜಿನ್ ಆರಿಸಿ ಗ್ರಾಫ್‌ವಿಜ್ಜನ್ನೇ ಬೈಯುವವರು ಬಹಳ. 'ಡಾಟ್' ಮೇಲಿನಿಂದ ಕೆಳಕ್ಕೆ ಪದರಪದರವಾಗಿ ಜೋಡಿಸುತ್ತದೆ. ಯಾರು ಯಾರನ್ನು ಕರೆಯುತ್ತಾರೆ ಎಂಬ ದಿಕ್ಕು ಮುಖ್ಯವಾದಾಗ ಇದೇ ಬೇಕು. 'ನೀಟೊ' ಗೆರೆಗಳನ್ನು ಲೋಹದ ಸುರುಳಿಗಳೆಂದು (ಸ್ಪ್ರಿಂಗ್) ಭಾವಿಸಿ ಎಳೆದಾಡಿ ನಿಲ್ಲಿಸುತ್ತದೆ, ನೂರರ ಆಸುಪಾಸಿನ ನೋಡ್‌ವರೆಗೆ ಸರಿ. ಸಾವಿರ ದಾಟಿದರೆ 'ಎಸ್‌ಎಫ್‌ಡಿಪಿ'. ಅದು ಬೇಗ ಮುಗಿಸುತ್ತದೆ, ಆದರೆ ಅದರಿಂದ ಕಾಣುವುದು ಗುಂಪುಗಳು ಮಾತ್ರ. ಯಾವ ಬಾಣ ಎಲ್ಲಿಗೆ ಹೋಯಿತೆಂದು ಹುಡುಕಲು ಹೋಗಬೇಡಿ.

ಡಾಟ್ ಪದರ ಹಾಕುವುದು ಹೇಗೆಂದು ತಿಳಿದಿದ್ದರೆ ಚಿತ್ರ ಏಕೆ ಕೆಡುತ್ತದೆ ಎಂಬುದೂ ತಿಳಿಯುತ್ತದೆ. ಮೊದಲು ಅದು ಸುತ್ತುಗಳನ್ನು (ಹೊರಟಲ್ಲಿಗೇ ಮರಳಿ ಬರುವ ಬಾಣಗಳ ಸರಣಿ) ಮುರಿಯಲು ಕೆಲವು ಬಾಣಗಳನ್ನು ತಾತ್ಕಾಲಿಕವಾಗಿ ತಿರುಗಿಸಿಕೊಳ್ಳುತ್ತದೆ. ಆಮೇಲೆ ಪ್ರತಿ ನೋಡಿಗೂ ಪದರ ಕೊಡುತ್ತದೆ, ಪದರದೊಳಗೆ ಅತ್ತಿತ್ತ ಸರಿಸಿ ಗೆರೆಗಳ ದಾಟುವಿಕೆ ಕಡಿಮೆ ಮಾಡುತ್ತದೆ. ಕನಿಷ್ಠ ದಾಟುವಿಕೆಯನ್ನು ಕಂಡುಹಿಡಿಯುವುದು ಎನ್‌ಪಿ-ಕಠಿಣ ಸಮಸ್ಯೆ (ಕರಾರುವಾಕ್ಕಾದ ಉತ್ತರವನ್ನು ಬೇಗ ಕೊಡುವ ದಾರಿ ಗೊತ್ತಿಲ್ಲದ್ದು), ಹಾಗಾಗಿ ಅದು ಅಂದಾಜಿನ ಉಪಾಯಗಳ ಮೇಲೆ ನಿಂತಿದೆ. ಪರಿಣಾಮ ಎರಡು. ಸುತ್ತು ಹೆಚ್ಚಿದ್ದರೆ ಯಾವುದು ಮೇಲೆ, ಯಾವುದು ಕೆಳಗೆ ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ. ಇನ್ನೊಂದು, ಒಂದು ನೋಡ್ ಸೇರಿಸಿದರೆ ಇಡೀ ಚಿತ್ರ ಮಗುಚಿಕೊಳ್ಳಬಹುದು. ಕಳೆದ ವಾರ ಎಡಗಡೆ ಇದ್ದ ಪೇಮೆಂಟ್ ಸರ್ವೀಸು ಈ ವಾರ ಬಲಗಡೆ ಕಂಡರೆ ನೋಡುವವರು ತಬ್ಬಿಬ್ಬಾಗುತ್ತಾರೆ.

ನೂಲಿನುಂಡೆಯನ್ನು ಬಿಡಿಸಲು ನಾವು ಹೇಳುವ ಕ್ರಮ ಹೀಗಿದೆ. ಹಿಂದುಮುಂದು ಮಾಡಿದರೆ ಫಲ ಬೇರೆ ಬರುತ್ತದೆ.

1. ಕ್ಲಾಸ್ ಮಟ್ಟದಿಂದ ಪ್ಯಾಕೇಜ್ ಮಟ್ಟಕ್ಕೆ ಮಡಚಿ. ಎರಡು ಪ್ಯಾಕೇಜುಗಳ ನಡುವೆ 37 ಕ್ಲಾಸ್-ಬಾಣಗಳಿದ್ದರೆ ಒಂದೇ ಬಾಣ ಎಳೆದು ಮೇಲೆ 37 ಎಂದು ಬರೆಯಿರಿ. ಜಾವಾ ಆದರೆ ಜೆಡಿಕೆ 8ರಿಂದ ಜೊತೆಗೇ ಬರುವ 'ಜೆಡೆಪ್ಸ್' ಗ್ರಾಫ್‌ವಿಜ್ ಓದುವ, ಪ್ಯಾಕೇಜ್ ಮಟ್ಟದ ಡಾಟ್ ಫೈಲನ್ನು ತಾನೇ ಕೊಡುತ್ತದೆ.

2. ಎಲ್ಲರೂ ಬಳಸುವ ನೋಡ್‌ಗಳನ್ನು ತೆಗೆದು ಪಕ್ಕದಲ್ಲಿ ಪಟ್ಟಿ ಮಾಡಿ: ಲಾಗಿಂಗ್, ಎಕ್ಸೆಪ್ಶನ್, ಯುಟಿಲ್, ಮೋಸಿಪ್‌ನಲ್ಲಿ ಕರ್ನಲ್ ಮಾಡ್ಯೂಲುಗಳು. ಒಟ್ಟು ನೋಡ್‌ಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಳಬರುವ ಬಾಣ ಇರುವುದನ್ನೆಲ್ಲ ತೆಗೆಯುವುದು ಒಳ್ಳೆಯ ಮೊದಲ ಅಳತೆ.

3. ಪರಸ್ಪರ ಸುತ್ತಿನಲ್ಲಿ ಸಿಕ್ಕಿಕೊಂಡವನ್ನು ಒಂದೇ ಪೆಟ್ಟಿಗೆಯಾಗಿ ಕುಗ್ಗಿಸಿ. ಗ್ರಾಫ್‌ವಿಜ್ ಜೊತೆ ಬರುವ 'ಎಸ್‌ಸಿಸಿಮ್ಯಾಪ್' ಅವನ್ನು ಪತ್ತೆ ಹಚ್ಚುತ್ತದೆ.

4. ಈಗ ಗ್ರಾಫ್‌ವಿಜ್‌ನದೇ 'ಟ್ರೆಡ್' ಓಡಿಸಿ. ಅ ಯಿಂದ ಆ, ಆ ಯಿಂದ ಇ, ಜೊತೆಗೆ ಅ ಯಿಂದ ನೇರವಾಗಿ ಇ – ಹೀಗಿದ್ದರೆ ಕೊನೆಯ ನೇರ ಬಾಣವನ್ನು ಅದು ಅಳಿಸುತ್ತದೆ. ಸುತ್ತು ಉಳಿಸಿಕೊಂಡು ಇದನ್ನು ಓಡಿಸಿದರೆ ಯಾವ ಬಾಣ ಅಳಿಯುತ್ತದೆ ಎಂಬುದು ಫೈಲಿನಲ್ಲಿರುವ ಅನುಕ್ರಮದ ಮೇಲೆ ಹೋಗುತ್ತದೆ. ಅದಕ್ಕೇ ಮೂರನೆಯದು ಮೊದಲಾಗಬೇಕು.

ನಾಲ್ಕನೆಯ ಹೆಜ್ಜೆಗೆ ಒಂದು ಎಚ್ಚರಿಕೆ. 'ಇದನ್ನು ಮುಟ್ಟಿದರೆ ಏನು ಮುರಿಯುತ್ತದೆ' ಎಂಬ ಪ್ರಶ್ನೆಗೆ ಟ್ರೆಡ್ ಮಾಡಿದ ನಕ್ಷೆ ಸಾಕು, ಏಕೆಂದರೆ ತಲುಪುವ ದಾರಿ ಉಳಿದಿರುತ್ತದೆ. 'ಪದರ ಹಾರಿ ಯಾರು ಡೇಟಾಬೇಸಿಗೆ ಕೈಹಾಕಿದ್ದಾರೆ' ಎಂಬ ಪ್ರಶ್ನೆಗೆ ಅದೇ ನಕ್ಷೆ ಮೋಸ: ಅಳಿಸಿಹೋದ ನೇರ ಬಾಣವೇ ಅಪರಾಧಿ.

ಉಳಿದವು ಸಣ್ಣ ವಿಷಯ, ಆದರೆ ಗಂಟೆಗಟ್ಟಲೆ ತಿನ್ನುತ್ತವೆ. ಉಪಗ್ರಾಫಿನ ಹೆಸರು 'ಕ್ಲಸ್ಟರ್' ಎಂಬ ಪದದಿಂದ ಶುರುವಾಗದಿದ್ದರೆ ಸುತ್ತಲಿನ ಚೌಕಟ್ಟು ಮೂಡುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ನೀಟೊಗೆ ಕ್ಲಸ್ಟರ್ ಗೊತ್ತೇ ಇಲ್ಲ. ಸ್ಪ್ರಿಂಗ್ ಶೈಲಿಯಲ್ಲೇ ಚೌಕಟ್ಟು ಬೇಕಿದ್ದರೆ 'ಎಫ್‌ಡಿಪಿ'. ಲಂಬಕೋನದ ಗೆರೆಗಳನ್ನು ಆರಿಸಿದರೆ ಗೆರೆಯ ಮೇಲಿನ ಬರಹ ಎಲ್ಲೋ ತೇಲುತ್ತದೆ. ಹೆಸರುಗಳು ಉದ್ದವಿದ್ದರೆ ಎಡದಿಂದ ಬಲಕ್ಕೆ ಹರಿಯುವಂತೆ ದಿಕ್ಕು ಬದಲಿಸಿ. ಒಂದೇ ಪದರದಲ್ಲಿ ಹತ್ತು ಉದ್ದ ಹೆಸರು ಸಾಲಾಗಿ ನಿಂತರೆ ಚಿತ್ರ ನೆಲಹಾಸಿನ ಪಟ್ಟಿಯಷ್ಟು ಅಗಲವಾಗುತ್ತದೆ.

ಕೈಯಿಂದ ಬರೆಯುವ ನಕ್ಷೆಗಳು: ಮರ್ಮೇಡ್, ಪ್ಲಾಂಟ್‌ಯುಎಂಎಲ್, ಸ್ಟ್ರಕ್ಚರೈಜರ್

ಮೇಲಿನದು ಕೋಡಿನಿಂದ ತೆಗೆದ ನಕ್ಷೆ. ತಂಡಕ್ಕೆ ಹೊಸಬರು ಬಂದಾಗ ತೋರಿಸುವ ನಕ್ಷೆಯನ್ನು ಯಾರೋ ಯೋಚಿಸಿಯೇ ಬರೆಯಬೇಕು, ಯಾವುದನ್ನು ಬಿಡಬೇಕೆಂಬ ವಿವೇಕ ಯಾವ ಪಾರ್ಸರಿಗೂ ಇಲ್ಲ.

ಪಠ್ಯದಿಂದ ಚಿತ್ರ ಬಿಡಿಸುವ ಮರ್ಮೇಡ್‌ನ ದೊಡ್ಡ ಗುಣ ಅದು ಇರುವ ಜಾಗ. 2022ರ ಫೆಬ್ರುವರಿಯಿಂದ ಗಿಟ್‌ಹಬ್ ಅದನ್ನು ಮಾರ್ಕ್‌ಡೌನ್ ಒಳಗೇ ಬಿಡಿಸಿ ತೋರಿಸುತ್ತದೆ; ಬೇರೆ ಸರ್ವರ್ ಬೇಡ, ಚಿತ್ರದ ಫೈಲನ್ನು ಸೇರಿಸುವುದೂ ಬೇಡ. ಮಿತಿಗಳು ಸ್ಪಷ್ಟ: ಮೂಲದಲ್ಲಿ 500 ಗೆರೆ, 50,000 ಅಕ್ಷರ. ನಿಮ್ಮದೇ ಪುಟವಾದರೆ ಏರಿಸಬಹುದು, ಬೇರೆಯವರ ತಾಣದೊಳಗೆ ಚಿತ್ರದ ಪಠ್ಯದಿಂದ ಏರಿಸಲು ಬಿಡುವುದಿಲ್ಲ. ಫ್ಲೋಚಾರ್ಟಿನ ನೋಡಿಗೆ ಇಂಗ್ಲಿಷಿನ 'ಎಂಡ್' ಎಂಬ ಪದವನ್ನು ಪೂರ್ತಿ ಸಣ್ಣಕ್ಷರದಲ್ಲಿ ಹೆಸರಾಗಿಟ್ಟರೆ ಇಡೀ ಚಿತ್ರ ಮುರಿಯುತ್ತದೆ, ಏಕೆಂದರೆ ಉಪಗ್ರಾಫ್ ಮುಗಿಸುವ ಪದವೂ ಅದೇ. ಒಂದು ಅಕ್ಷರವನ್ನು ದೊಡ್ಡದು ಮಾಡಿದರೆ ಸಾಕು.

ಪ್ಲಾಂಟ್‌ಯುಎಂಎಲ್ 2009ರಿಂದ ಇದೆ. ಜಾವಾ ಬೇಕು, ಕ್ಲಾಸ್ ಮತ್ತು ಕಾಂಪೊನೆಂಟ್ ಚಿತ್ರಗಳಿಗೆ ಸಾಮಾನ್ಯವಾಗಿ ಗ್ರಾಫ್‌ವಿಜ್ ಕೂಡ ಬೇಕು. ಸೀಕ್ವೆನ್ಸ್ ಚಿತ್ರಕ್ಕೆ (ಯಾರು ಯಾರನ್ನು ಯಾವ ಕ್ರಮದಲ್ಲಿ ಕರೆಯುತ್ತಾರೆ ಎಂಬುದು) ಬೇಡ. 'ಚಿತ್ರ ಅರ್ಧಕ್ಕೆ ಕತ್ತರಿಸಿಹೋಯಿತು' ಎಂಬ ದೂರಿಗೆ ಕಾರಣ ಹೆಚ್ಚಿನ ಸಲ ಒಂದೇ: ಪಿಎನ್‌ಜಿ ಚಿತ್ರದ ಅಗಲ, ಎತ್ತರಕ್ಕೆ ಅದು ಇಟ್ಟಿರುವ 4096 ಪಿಕ್ಸೆಲ್ ಮಿತಿ. ಎನ್ವಿರಾನ್ಮೆಂಟ್ ವೇರಿಯಬಲ್‌ನಿಂದ ಏರಿಸಬಹುದು, ಅದಕ್ಕಿಂತ ಎಸ್‌ವಿಜಿ ತೆಗೆಯುವುದು ಲೇಸು. ಸೀಕ್ವೆನ್ಸ್ ಚಿತ್ರಕ್ಕೆ ನಮ್ಮ ಆಯ್ಕೆ ಇದೇ. ಪರ್ಯಾಯ ಹಾದಿ, ಪುನರಾವರ್ತನೆ, ಸಕ್ರಿಯ ಅವಧಿಗಳನ್ನು ಮರ್ಮೇಡ್‌ಗಿಂತ ನಿರಾಳವಾಗಿ ಹಿಡಿಯುತ್ತದೆ.

ಈ ಎರಡರಲ್ಲೂ ಪ್ರತಿ ಚಿತ್ರ ಪ್ರತ್ಯೇಕ ಪಠ್ಯ. ಹತ್ತು ಚಿತ್ರದಲ್ಲಿ ಬರುವ ಸರ್ವೀಸಿನ ಹೆಸರು ಬದಲಾದರೆ ಹತ್ತು ಕಡೆ ತಿದ್ದಬೇಕು. ಸ್ಟ್ರಕ್ಚರೈಜರ್ ಇದನ್ನು ಬೇರೆ ರೀತಿ ನೋಡುತ್ತದೆ: ಮಾಡೆಲ್ ಒಂದೇ, ನೋಟಗಳು ಹಲವು. ಸೈಮನ್ ಬ್ರೌನ್ ರೂಪಿಸಿದ ಸಿ4 ಪದ್ಧತಿಯ ನಾಲ್ಕು ಮಟ್ಟಗಳಲ್ಲಿ – ಸಂದರ್ಭ, ಕಂಟೇನರ್, ಕಾಂಪೊನೆಂಟ್, ಕೋಡ್ – ಮೊದಲ ಮೂರು ಅದರಲ್ಲಿ ಅಂತರ್ಗತ. ಚಿತ್ರಗಳು ಐದನ್ನು ದಾಟುತ್ತವೆ ಎಂದು ಗೊತ್ತಿದ್ದರೆ ಮೊದಲ ದಿನವೇ ಇಲ್ಲಿಂದ ಶುರು ಮಾಡಿ. ಸಿ4ನ 'ಕಂಟೇನರ್' ಡಾಕರ್ ಕಂಟೇನರ್ ಅಲ್ಲ. ಪ್ರತ್ಯೇಕವಾಗಿ ಓಡುವ ಅಥವಾ ಡೇಟಾ ಇಡುವ ಘಟಕ ಎಂದರ್ಥ. ಮೊಬೈಲ್ ಆ್ಯಪ್ ಒಂದು ಕಂಟೇನರ್, ಡೇಟಾಬೇಸಿನ ಸ್ಕೀಮಾ ಇನ್ನೊಂದು. ಇದನ್ನು ಮೀಟಿಂಗಿನ ಆರಂಭದಲ್ಲೇ ಹೇಳದಿದ್ದರೆ ಅರ್ಧ ಗಂಟೆ ಹಾಗೇ ಹೋಗುತ್ತದೆ. ಮೊದಲೆರಡು ಮಟ್ಟವನ್ನು ಕೈಯಿಂದ ಬರೆಯಿರಿ, ಮೂರನೆಯದನ್ನು ತುಂಬ ಜಟಿಲವಾದ ಒಂದೆರಡು ಕಂಟೇನರಿಗೆ ಮಾತ್ರ. ನಾಲ್ಕನೆಯದನ್ನು ಬರೆಯಲೇಬೇಡಿ, ಅದಕ್ಕೆ ಕೋಡು ಬರೆಯುವ ಐಡಿಇ ಇದ್ದೇ ಇದೆ. ಸ್ಟ್ರಕ್ಚರೈಜರಿನ ತೊಡಕು ಜಾಗದ ಹೊಂದಿಕೆಯಲ್ಲಿ: ಸ್ವಯಂಚಾಲಿತ ಜೋಡಣೆ ಬೇಡವೆಂದು ಪೆಟ್ಟಿಗೆಗಳನ್ನು ಕೈಯಿಂದ ಎಳೆದಿಟ್ಟರೆ, ಮುಂದೆ ಹೆಸರು ಬದಲಿಸಿದಾಗ ಆ ಜಾಗ ಕಳೆದುಹೋಗುವುದುಂಟು.

ಸಾಫ್ಟ್‌ವೇರ್ ಚಿತ್ರಗಳ ಪ್ರಮಾಣಿತ ಭಾಷೆಯಾದ ಯುಎಂಎಲ್‌ನ ಹದಿನಾಲ್ಕೂ ಬಗೆಯ ಚಿತ್ರ ಕಲಿಯಬೇಕಿಲ್ಲ. ಸೀಕ್ವೆನ್ಸ್ ಮತ್ತು ಸ್ಟೇಟ್ ಚಿತ್ರ ದಿನನಿತ್ಯ ಕೆಲಸಕ್ಕೆ ಬರುತ್ತವೆ. ಇನ್ನೂರು ಕ್ಲಾಸಿನ ಕೋಡಿನಿಂದ ತಾನಾಗಿ ತೆಗೆದ ಕ್ಲಾಸ್ ಚಿತ್ರ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಮೌಸಿನಿಂದ ಎಳೆದು ಬಿಡಿಸುವ ಡ್ರಾ.ಐಒ ಬಗ್ಗೆ ಒಂದೇ ಮಾತು: ಒಂದು ಸಭೆಗೆ ಬೇಕಾದ, ಮರುದಿನ ಬೇಡವಾದ ಚಿತ್ರಕ್ಕೆ ಅದಕ್ಕಿಂತ ವೇಗದ್ದಿಲ್ಲ. ಗಿಟ್‌ನಲ್ಲಿ ಅದರ ವ್ಯತ್ಯಾಸ ಓದಲಾಗುವುದಿಲ್ಲ, ಹಾಗಾಗಿ ವರ್ಷಗಟ್ಟಲೆ ಉಳಿಯಬೇಕಾದ ನಕ್ಷೆಗೆ ಬೇಡ.

ಮ್ಯಾಟ್ರಿಕ್ಸ್: ಗೆರೆ ಸಾಕಾದಾಗ

ನಮ್ಮಲ್ಲಿ ಅತಿ ಕಡಿಮೆ ಬಳಕೆಯಲ್ಲಿರುವ, ಆದರೆ ದಟ್ಟ ಅವಲಂಬನೆಗೆ ಅತಿ ಹೆಚ್ಚು ಒದಗುವ ಚಿತ್ರ ಇದು. ಡಿಸೈನ್ ಸ್ಟ್ರಕ್ಚರ್ ಮ್ಯಾಟ್ರಿಕ್ಸ್, ಬಾಯಿಮಾತಿನಲ್ಲಿ ಡಿಎಸ್‌ಎಂ. ಡಾನ್ ಸ್ಟೀವರ್ಡ್ 1981ರಲ್ಲಿ ಕೊಟ್ಟ ಹೆಸರು. ಹುಟ್ಟಿದ್ದು ಎಂಜಿನಿಯರಿಂಗ್ ಯೋಜನೆಗಳಿಗಾಗಿ, ಸಾಫ್ಟ್‌ವೇರಿಗೆ ಬಂದದ್ದು ಆಮೇಲೆ. ಪ್ರತಿ ಮಾಡ್ಯೂಲಿಗೂ ಒಂದು ಅಡ್ಡಸಾಲು, ಅದೇ ಅನುಕ್ರಮದಲ್ಲಿ ಒಂದು ಕಂಬಸಾಲು. ಕೆಳಗಿನ ಕಾಲ್ಪನಿಕ ಉದಾಹರಣೆಯಲ್ಲಿ ಕಂಬಸಾಲಿನವರು ಅಡ್ಡಸಾಲಿನವರನ್ನು ಎಷ್ಟು ಕಡೆ ಬಳಸುತ್ತಾರೆ ಎಂಬ ಸಂಖ್ಯೆ ಇದೆ:

| | 1 | 2 | 3 | 4 |
|---|---|---|---|---|
| 1 ವೆಬ್ | ■ | | | |
| 2 ಆರ್ಡರ್ | 14 | ■ | 2 | |
| 3 ದಾಸ್ತಾನು | | 9 | ■ | |
| 4 ಡೇಟಾ | 1 | 22 | 17 | ■ |

ಬಳಸುವವರು ಮೇಲೆ, ಬಳಕೆಯಾಗುವವರು ಕೆಳಗೆ ಇರುವಂತೆ ಜೋಡಿಸಿದರೆ ಸಂಖ್ಯೆಗಳೆಲ್ಲ ಕರ್ಣದ ಕೆಳಗೆ ಬೀಳಬೇಕು. ಮೇಲೆ ಬಿದ್ದ ಒಂದೇ ಒಂದು '2' ಸುತ್ತನ್ನು ತೋರಿಸುತ್ತದೆ: ಆರ್ಡರ್ ದಾಸ್ತಾನನ್ನು 9 ಕಡೆ ಬಳಸುತ್ತದೆ, ದಾಸ್ತಾನು ಆರ್ಡರನ್ನು 2 ಕಡೆ. ಸುತ್ತು ಮುರಿಯಬೇಕಿದ್ದರೆ ಅಗ್ಗದ ಕಡೆ ಯಾವುದೆಂದು ಯಾರೂ ಹೇಳಬೇಕಿಲ್ಲ. ವೆಬ್ ಕಂಬಸಾಲಿನ ಕೆಳತುದಿಯ '1' ಕರ್ಣದ ಕೆಳಗೇ ಇದೆ, ಸುತ್ತಲ್ಲ, ಆದರೂ ತಪ್ಪು: ಪದರಗಳನ್ನು ಹಾರಿ ನೇರವಾಗಿ ಡೇಟಾಗೆ ಹೋದ ಕರೆ ಅದು. ಟ್ರೆಡ್ ಮಾಡಿದ ಬಾಣದ ಚಿತ್ರದಲ್ಲಿ ಮಾಯವಾಗುತ್ತಿದ್ದದ್ದು ಇದೇ.

ಅಳತೆಯ ಲೆಕ್ಕ ಹಾಕಿ ನೋಡಿ. 120 ಮಾಡ್ಯೂಲಿಗೆ 14,400 ಮನೆ. ಒಂದೊಂದು ಮನೆಗೆ 8 ಪಿಕ್ಸೆಲ್ ಕೊಟ್ಟರೆ 960 ಪಿಕ್ಸೆಲ್ ಚೌಕ, ಸಾಮಾನ್ಯ ಮಾನಿಟರಿನಲ್ಲಿ ಸ್ಕ್ರೋಲ್ ಇಲ್ಲದೆ ಹಿಡಿಯುತ್ತದೆ. ಅದೇ 120 ಮಾಡ್ಯೂಲು, 900 ಬಾಣವನ್ನು ಡಾಟ್‌ಗೆ ಕೊಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಗೆರೆ ಹೆಚ್ಚಾದಷ್ಟೂ ಬಾಣದ ಚಿತ್ರ ಕೆಡುತ್ತದೆ. ಮ್ಯಾಟ್ರಿಕ್ಸಿನಲ್ಲಿ ಖಾಲಿ ಮನೆ ತುಂಬುತ್ತದೆ, ಅಷ್ಟೇ.

ಮ್ಯಾಟ್ರಿಕ್ಸ್ ಸೋಲುವುದು ದಾರಿ ಹುಡುಕುವಾಗ. ವೆಬ್‌ನಿಂದ ಇಮೇಲ್ ಕಳುಹಿಸುವ ಮಾಡ್ಯೂಲಿಗೆ ಯಾವ ಯಾವ ನಡುಮನೆ ದಾಟಿ ಹೋಗುತ್ತದೆ ಎಂದು ಹುಡುಕಲು ಕಣ್ಣು ಸಾಲು-ಕಂಬ-ಸಾಲು ಎಂದು ಕುಪ್ಪಳಿಸಬೇಕು. ಮೂರನೇ ಕುಪ್ಪಳಿಕೆಗೆ ದಾರಿ ತಪ್ಪುತ್ತದೆ. ಇನ್ನೊಂದು ಅಪಾಯ ಓದುವ ದಿಕ್ಕು: ಮ್ಯಾಟ್ರಿಕ್ಸ್ ತೆಗೆಯುವ ಉಪಕರಣಗಳಾದ ಇಂಟೆಲಿಜೆ ಮತ್ತು ಲ್ಯಾಟಿಕ್ಸ್ ಮೇಲೆ ಹೇಳಿದಂತೆ ಕಂಬಸಾಲಿನಿಂದ ಅಡ್ಡಸಾಲಿಗೆ ಓದುತ್ತವೆ, ಹಲವು ಸಂಶೋಧನಾ ಲೇಖನಗಳಲ್ಲಿ ತಿರುವುಮುರುವು. ಮ್ಯಾಟ್ರಿಕ್ಸನ್ನು ಎಲ್ಲಿ ಅಂಟಿಸಿದರೂ 'ಕಂಬಸಾಲು ಅಡ್ಡಸಾಲನ್ನು ಬಳಸುತ್ತದೆ' ಎಂದು ಒಂದು ಸಾಲು ಬರೆದಿಡಿ.

ಅನುಕ್ರಮ ಬಹಳ ಮುಖ್ಯ. ವರ್ಣಮಾಲೆಯ ಕ್ರಮದಲ್ಲಿಟ್ಟ ಮ್ಯಾಟ್ರಿಕ್ಸ್ ಚುಕ್ಕಿಗಳ ಗಲಾಟೆ. ಉಪಕರಣದ ಪಾರ್ಟಿಶನಿಂಗ್ ಆಯ್ಕೆ ಒತ್ತಿದಾಗ ಸುತ್ತಿನಲ್ಲಿರುವವೆಲ್ಲ ಕರ್ಣದ ಉದ್ದಕ್ಕೂ ಚೌಕದ ಗುಂಪಾಗಿ ಕೂಡುತ್ತವೆ. ಒಂದೇ ದೊಡ್ಡ ಚೌಕ ಇಡೀ ಮ್ಯಾಟ್ರಿಕ್ಸನ್ನು ಆವರಿಸಿದರೆ ಆ ಸಿಸ್ಟಮ್ಮಿನಲ್ಲಿ ಪದರ ಎಂಬುದು ಸ್ಲೈಡಿನಲ್ಲಿ ಮಾತ್ರ ಇದೆ. 2006ರಲ್ಲಿ ಮ್ಯಾಕ್‌ಕಾರ್ಮಕ್, ರಸ್ನಾಕ್, ಬಾಲ್ಡ್ವಿನ್ ಲಿನಕ್ಸ್ ಮತ್ತು ಮೊಜಿಲ್ಲಾಗಳನ್ನು ಹೋಲಿಸಲು ಬಳಸಿದ್ದು ಇದೇ ಮ್ಯಾಟ್ರಿಕ್ಸನ್ನು. 1998ರ ಮರುವಿನ್ಯಾಸದ ಮುಂಚೆ ಮತ್ತು ಆಮೇಲೆ ಮೊಜಿಲ್ಲಾದ ಅವಲಂಬನೆ ಎಷ್ಟು ಇಳಿಯಿತೆಂದು ಎರಡು ಚೌಕಗಳನ್ನು ಅಕ್ಕಪಕ್ಕ ಇಟ್ಟರೇ ಕಾಣುತ್ತದೆ.

ಟ್ರೀಮ್ಯಾಪ್, ಮತ್ತು ಊರಿನಂತೆ ಕಾಣುವ ಕೋಡು

ಕಂಪ್ಯೂಟರ್ ವಿಜ್ಞಾನಿ ಬೆನ್ ಶ್ನೈಡರ್ಮನ್ 1990ರ ಸುಮಾರಿಗೆ ಟ್ರೀಮ್ಯಾಪ್ (ಚೌಕದೊಳಗೆ ಚೌಕವಿಟ್ಟು ಗಾತ್ರ ತೋರಿಸುವ ಚಿತ್ರ) ಯೋಚಿಸಿದ್ದು ತುಂಬಿಹೋದ 80 ಎಂಬಿ ಹಾರ್ಡ್ ಡಿಸ್ಕಿನಲ್ಲಿ ಯಾರ ಫೈಲು ಜಾಗ ತಿನ್ನುತ್ತಿದೆ ಎಂದು ನೋಡಲು. ಕೋಡಿಗೂ ಅದೇ ಉಪಯೋಗ: ಗಾತ್ರ ಎಲ್ಲಿದೆ, ಬಿಸಿ ಎಲ್ಲಿದೆ. ಚೌಕದ ವಿಸ್ತಾರಕ್ಕೆ ಸಾಲುಗಳ ಸಂಖ್ಯೆ, ಬಣ್ಣಕ್ಕೆ ಕಳೆದ 6 ತಿಂಗಳ ಕಮಿಟ್‌ಗಳ (ಗಿಟ್‌ಗೆ ಸೇರಿಸಿದ ಬದಲಾವಣೆಗಳ) ಸಂಖ್ಯೆ ಕೊಡಿ. ದೊಡ್ಡದೂ ಕೆಂಪೂ ಆದ ನಾಲ್ಕೈದು ಚೌಕಗಳೇ ಮೊದಲು ರಿಫ್ಯಾಕ್ಟರ್ ಮಾಡಬೇಕಾದವು. ಮೂರು ಕೋಟಿ ಸಾಲು ದಾಟಿದ ಲಿನಕ್ಸ್ ಕರ್ನಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಡ್ರೈವರುಗಳೇ ಎಂಬುದು ಟ್ರೀಮ್ಯಾಪಿನಲ್ಲಿ ಒಂದು ನೋಟಕ್ಕೆ ಸಿಗುತ್ತದೆ. ತಾನಾಗಿ ಹುಟ್ಟುವ ಫೈಲುಗಳನ್ನು (ಪ್ರೊಟೊಬಫ್, ಲಾಕ್ ಫೈಲು, ಹೊರಗಿನ ಲೈಬ್ರರಿಯ ನಕಲು) ಮೊದಲೇ ಹೊರಗಿಡದಿದ್ದರೆ ನಕ್ಷೆಯ ತುಂಬ ಅವೇ. ಅವಲಂಬನೆ ಇದರಲ್ಲಿ ಕಾಣುವುದೇ ಇಲ್ಲ, ಅದನ್ನು ಇದರಿಂದ ಕೇಳಬಾರದು.

ಇದನ್ನೇ ಮೂರು ಆಯಾಮಕ್ಕೆ ಎತ್ತಿದ್ದು ಲುಗಾನೊ ವಿಶ್ವವಿದ್ಯಾಲಯದ ಕೋಡ್‌ಸಿಟಿ. ಕ್ಲಾಸು ಕಟ್ಟಡ, ಪ್ಯಾಕೇಜು ಬಡಾವಣೆ. ಎತ್ತರ ಮೆಥಡ್‌ಗಳ ಸಂಖ್ಯೆ, ತಳ ಆ್ಯಟ್ರಿಬ್ಯೂಟ್‌ಗಳ ಸಂಖ್ಯೆ. ಅದನ್ನು ಮಾಡಿದವರು 2011ರಲ್ಲಿ ನಡೆಸಿದ ಪ್ರಯೋಗದಲ್ಲಿ ಕೆಲಸದ ನಿಖರತೆ ಶೇ. 24 ಏರಿ, ಸಮಯ ಶೇ. 12 ಇಳಿಯಿತು. ಸುಳ್ಳಲ್ಲ, ಆದರೂ ನಮ್ಮ ಶಿಫಾರಸು ಚಪ್ಪಟೆ ಟ್ರೀಮ್ಯಾಪಿಗೇ: ಎತ್ತರದ ಕಟ್ಟಡದ ಹಿಂದೆ ಸಣ್ಣದು ಅಡಗುತ್ತದೆ, ಕ್ಯಾಮೆರಾ ತಿರುಗಿಸದೆ ಪ್ರಿಂಟ್ ಹಾಕಲಾಗದು. ಕೋಡು ಓದದ ಮ್ಯಾನೇಜರಿಗೆ ತಾಂತ್ರಿಕ ಸಾಲ (ಮುಂದಕ್ಕೆ ತಳ್ಳಿದ ದುರಸ್ತಿ) ಎಲ್ಲಿ ಬೆಳೆದಿದೆ ಎಂದು ತೋರಿಸಲು ಮಾತ್ರ ಊರಿನ ಚಿತ್ರ ಗೆಲ್ಲುತ್ತದೆ. ಅದಕ್ಕೆ ಮುಕ್ತವಾಗಿ ಸಿಗುವ ಕೋಡ್‌ಚಾರ್ಟಾ ಸಾಕು.

ಓಡುವಾಗ ಕಾಣುವ ರಚನೆ

ಮೈಕ್ರೋಸರ್ವೀಸುಗಳಲ್ಲಿ ನಿಜವಾದ ಗೆರೆಗಳು ನೆಟ್‌ವರ್ಕಿನಲ್ಲಿವೆ. 2019ರಲ್ಲಿ ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಕೂಡಿ ಆದ ಓಪನ್‌ಟೆಲಿಮೆಟ್ರಿಯಿಂದ ಟ್ರೇಸ್ (ಒಂದು ಕೋರಿಕೆ ಸರ್ವೀಸುಗಳನ್ನು ದಾಟಿದ ದಾರಿಯ ದಾಖಲೆ) ಎತ್ತಿ, ಯೇಗರ್‌ನಲ್ಲಿ ಸರ್ವೀಸ್ ಗ್ರಾಫ್ ನೋಡುವುದು ಇಂದಿನ ರೂಢಿ. ಸರ್ವೀಸುಗಳ ನಡುವಿನ ಸಂಚಾರ ನಿಭಾಯಿಸುವ ಇಸ್ಟಿಯೊ ಇದ್ದರೆ ಅದರ ಜೊತೆಗಿನ ಕಿಯಾಲಿ ಅದೇ ಕೆಲಸವನ್ನು ಕೋಡು ಮುಟ್ಟದೆ ಮಾಡುತ್ತದೆ.

ಈ ನಕ್ಷೆ ತೋರಿಸುವುದು ನಡೆದದ್ದನ್ನು ಮಾತ್ರ, ಅದರಲ್ಲೂ ಸ್ಯಾಂಪಲ್ಲಿಗೆ ಸಿಕ್ಕಿದ್ದನ್ನು ಮಾತ್ರ. ಸಾವಿರಕ್ಕೊಂದು ಟ್ರೇಸ್ ಇಟ್ಟುಕೊಳ್ಳುವ ವ್ಯವಸ್ಥೆಯಲ್ಲಿ ದಿನಕ್ಕೆ 200 ಸಲ ನಡೆಯುವ ದಾರಿ ಸರಾಸರಿ ಐದು ದಿನಕ್ಕೊಮ್ಮೆ ಕಾಣುತ್ತದೆ. ಯೇಗರ್‌ನಲ್ಲಿ ಕಳೆದ 24 ಗಂಟೆಯ ಗ್ರಾಫ್ ನೋಡಿ 'ಈ ಸರ್ವೀಸನ್ನು ಯಾರೂ ಕರೆಯುವುದಿಲ್ಲ, ಮುಚ್ಚೋಣ' ಎಂದರೆ ತಿಂಗಳ ಕೊನೆಯ ಬಿಲ್ಲಿಂಗ್ ಜಾಬ್ ಬಂದು ಬಾಗಿಲು ಬಡಿಯುತ್ತದೆ. ತೆಗೆದುಹಾಕುವ ನಿರ್ಧಾರಕ್ಕೆ ಟ್ರೇಸ್ ಸಾಲದು, ಸ್ಯಾಂಪಲ್ ಆಗದ ಕೌಂಟರ್ ಮೆಟ್ರಿಕ್ ಅಥವಾ ಆ್ಯಕ್ಸೆಸ್ ಲಾಗ್ ಬೇಕು, ಕನಿಷ್ಠ ಒಂದು ತ್ರೈಮಾಸಿಕದ್ದು.

ಗೆರೆ ತುಂಡಾಗುವ ಇನ್ನೊಂದು ಜಾಗ ಸಂದೇಶಗಳ ಕ್ಯೂ. ಎಚ್‌ಟಿಟಿಪಿ ಕರೆಯ ಜೊತೆ ಟ್ರೇಸಿನ ಗುರುತು ಹೊತ್ತ 'ಟ್ರೇಸ್‌ಪೇರೆಂಟ್' ಹೆಡರ್ ತಾನಾಗಿ ಹೋಗುತ್ತದೆ. ಕಾಫ್ಕಾ ಅಥವಾ ಆ್ಯಕ್ಟಿವ್‌ಎಂಕ್ಯೂಗೆ ನಿಮ್ಮದೇ ಕೋಡಿನಿಂದ ಸಂದೇಶ ಹಾಕುವಾಗ ಹೆಡರನ್ನು ಸಂದೇಶಕ್ಕೆ ಸೇರಿಸದಿದ್ದರೆ ಒಂದು ಟ್ರೇಸ್ ಎರಡಾಗುತ್ತದೆ. ನಕ್ಷೆಯಲ್ಲಿ ಎರಡು ಪ್ರತ್ಯೇಕ ಊರುಗಳು. ಥ್ರೆಡ್ ಪೂಲಿಗೆ ಕೆಲಸ ದಾಟಿಸುವಾಗಲೂ ಹೀಗೇ ಕಾಂಟೆಕ್ಸ್ಟ್ ಬಿದ್ದುಹೋಗುತ್ತದೆ. ದೋಷವಿರುವ ಟ್ರೇಸುಗಳನ್ನಷ್ಟೇ ಇಟ್ಟುಕೊಳ್ಳುವ ಟೇಲ್ ಸ್ಯಾಂಪ್ಲಿಂಗ್ ಒಳ್ಳೆಯದೇ, ಆದರೆ ಟ್ರೇಸ್ ಪೂರ್ತಿಯಾಗಲೆಂದು ಅದನ್ನು ಕೂಡಿಸುವ ಕಲೆಕ್ಟರ್ ಸಾಮಾನ್ಯವಾಗಿ ಕಾಯುವುದು 30 ಸೆಕೆಂಡ್.

ಮೋಸಿಪ್‌ನಂಥ ಹರಿವಿನಲ್ಲಿ ಒಂದು ಪ್ಯಾಕೆಟ್ ಮನುಷ್ಯರ ತೀರ್ಪಿಗಾಗಿ ಗಂಟೆಗಟ್ಟಲೆ ಕೂರಬಹುದು. ಅಲ್ಲಿ ಟ್ರೇಸಿಂಗ್ ಬಿಟ್ಟು, ಪ್ರತಿ ಹಂತ ದಾಟಿದಾಗ ಡೇಟಾಬೇಸಿನಲ್ಲಿ ಬೀಳುವ ವಹಿವಾಟಿನ ಸಾಲುಗಳನ್ನು ತೆಗೆದುಕೊಳ್ಳಿ. ನೋಂದಣಿ ಸಂಖ್ಯೆಯಂತೆ ಗುಂಪು ಮಾಡಿ, ಸಮಯದಂತೆ ಜೋಡಿಸಿ, ಎಸ್‌ಕ್ಯುಎಲ್‌ನ 'ಲ್ಯಾಗ್' ವಿಂಡೋ ಫಂಕ್ಷನ್‌ನಿಂದ ಹಿಂದಿನ ಹಂತವನ್ನು ಪಕ್ಕಕ್ಕೆ ತನ್ನಿ, ಜೋಡಿಗಳನ್ನು ಎಣಿಸಿ. ಸಿಕ್ಕ ಪಟ್ಟಿಯನ್ನು ಡಾಟ್‌ಗೆ ಕೊಟ್ಟು ಗೆರೆಯ ದಪ್ಪವನ್ನು ಎಣಿಕೆಯ ಲಾಗರಿದಮ್‌ಗೆ ಹೊಂದಿಸಿ. ಎಣಿಕೆಯನ್ನೇ ಕೊಟ್ಟರೆ ಮುಖ್ಯ ದಾರಿ ಕಂಬದಷ್ಟು ದಪ್ಪವಾಗಿ, ಅಪರೂಪದ ದಾರಿ ಮಾಯವಾಗುತ್ತದೆ. ಎಕ್ಸ್‌ಎಂಎಲ್‌ನಿಂದ ತೆಗೆದ ನಕ್ಷೆಯ ಪಕ್ಕ ಇದನ್ನಿಟ್ಟರೆ, ಬರೆದಿದ್ದರೂ ಯಾರೂ ತುಳಿಯದ ದಾರಿ ಯಾವುದು, ಹಿಂದಕ್ಕೆ ಮರಳಿ ಮತ್ತೆ ಮತ್ತೆ ಪ್ರಯತ್ನಿಸುವ ಹಂತ ಯಾವುದು, ಎರಡೂ ಹೊರಬರುತ್ತವೆ.

ಗಿಟ್ ಇತಿಹಾಸ ಹೇಳುವ ಗುಟ್ಟು

ಎರಡು ಫೈಲುಗಳ ನಡುವೆ ಕೋಡಿನಲ್ಲಿ ಯಾವ ಸಂಬಂಧವೂ ಇಲ್ಲ, ಆದರೆ ಒಂದನ್ನು ತಿದ್ದಿದಾಗೆಲ್ಲ ಇನ್ನೊಂದನ್ನೂ ತಿದ್ದುತ್ತಾರೆ. ನಕಲು ಮಾಡಿ ಅಂಟಿಸಿದ ಕೋಡು, ಎರಡು ಕಡೆ ಬರೆದ ಒಂದೇ ನಿಯಮ, ಕೋಡು ಮತ್ತು ಅದರ ಕಾನ್ಫಿಗ್ ಫೈಲು ಹೀಗೆ ಸಿಕ್ಕಿಬೀಳುತ್ತವೆ. ಲೆಕ್ಕ ಸುಲಭ: ಒಂದು ಫೈಲು 40 ಸಲ, ಇನ್ನೊಂದು 20 ಸಲ ಬದಲಾಗಿದೆ, ಒಟ್ಟಿಗೆ 18 ಸಲ. ಸರಾಸರಿ 30, ಹಾಗಾಗಿ ಜೋಡಿಯ ಬಲ ಶೇ. 60. ಆ್ಯಡಮ್ ಟಾರ್ನ್‌ಹಿಲ್ ಬರೆದ ಕೋಡ್-ಮಾಟ್ ಇದನ್ನು ಗಿಟ್ ಲಾಗಿನಿಂದ ನೇರ ತೆಗೆಯುತ್ತದೆ, ಶೇ. 30ಕ್ಕಿಂತ ಕಡಿಮೆಯದನ್ನೂ, 30ಕ್ಕಿಂತ ಹೆಚ್ಚು ಫೈಲು ಮುಟ್ಟಿದ ಕಮಿಟ್‌ಗಳನ್ನೂ ಮೂಲದಲ್ಲೇ ಬಿಡುತ್ತದೆ. ಎರಡನೆಯ ಮಿತಿ ಇಲ್ಲದಿದ್ದರೆ ಇಡೀ ಕೋಡಿನ ಇಂಡೆಂಟೇಶನ್ ಬದಲಿಸಿದ ಒಂದೇ ಕಮಿಟ್ ಎಲ್ಲವನ್ನೂ ಎಲ್ಲದಕ್ಕೂ ಕಟ್ಟಿಹಾಕುತ್ತದೆ. ತಿಂಗಳ ಕೆಲಸವನ್ನು ಒಂದೇ ಕಮಿಟ್ಟಾಗಿ ಹಿಸುಕಿ ಸೇರಿಸುವ ತಂಡಗಳಲ್ಲಿ ಮಾತ್ರ ಈ ವಿಧಾನದಿಂದ ಏನೂ ಸಿಗದು. ಕೋಡು, ಕಾನ್ಫಿಗ್ ಬೇರೆ ಬೇರೆ ರೆಪೊಸಿಟರಿಯಲ್ಲಿದ್ದರೂ ಹಾಗೇ, ಕಮಿಟ್ ಸಂದೇಶದಲ್ಲಿ ಟಿಕೆಟ್ ಸಂಖ್ಯೆ ಇದ್ದರೆ ಅದರ ಮೇಲೆ ಗುಂಪು ಮಾಡಿಕೊಳ್ಳಬೇಕಾಗುತ್ತದೆ.

ಕನ್ನಡದಲ್ಲಿ ಹೆಸರು ಬರೆಯುವವರಿಗೆ

ಪೆಟ್ಟಿಗೆಗಳ ಮೇಲೆ ಕನ್ನಡ ಬರೆದಾಗ ಎರಡು ತೊಂದರೆ ಬರುತ್ತದೆ. ಗ್ರಾಫ್‌ವಿಜ್ ಪ್ಯಾಂಗೊ (ಅಕ್ಷರ ಜೋಡಿಸುವ ಲೈಬ್ರರಿ) ಇಲ್ಲದೆ ಬಿಲ್ಡ್ ಆಗಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಎಸ್‌ವಿಜಿಯಲ್ಲಿ ಪೆಟ್ಟಿಗೆಯ ಅಗಲವನ್ನು ಬಿಲ್ಡ್ ಸರ್ವರಿನ ಫಾಂಟಿನಿಂದ ಅಳೆದು, ಬ್ರೌಸರ್ ಬೇರೆ ಫಾಂಟಿನಲ್ಲಿ ತೋರಿಸಿದರೆ ಬರಹ ಗೆರೆ ದಾಟಿ ಹೊರಗೆ ಬರುತ್ತದೆ. ಸರ್ವರಿನಲ್ಲಿ ನೋಟೊ ಸಾನ್ಸ್ ಕನ್ನಡ ಹಾಕಿ, ಚಿತ್ರದಲ್ಲೂ ಅದೇ ಫಾಂಟಿನ ಹೆಸರು ಕೊಡಿ, ಪುಟದಲ್ಲೂ ಅದನ್ನೇ ಲೋಡ್ ಮಾಡಿ. ಡಾಕರ್‌ನೊಳಗೆ ಓಡುವ ಪ್ಲಾಂಟ್‌ಯುಎಂಎಲ್ ಅಕ್ಷರದ ಬದಲು ಖಾಲಿ ಚೌಕ ತೋರಿಸಿದರೆ ಆ ಇಮೇಜಿನಲ್ಲಿ ಕನ್ನಡದ ಫಾಂಟೇ ಇಲ್ಲವೆಂದು ತಿಳಿಯಿರಿ.

ಎಲ್ಲಿಂದ ಹಿಡಿಯುವುದು

ಅಪರಿಚಿತ ಕೋಡು ಕೈಗೆ ಬಂದು ಒಂದೇ ದಿನ ಇದ್ದರೆ: ಬೆಳಿಗ್ಗೆ ಟ್ರೀಮ್ಯಾಪ್ ಮತ್ತು ಗಿಟ್ ಜೋಡಿಗಳು, ಮಧ್ಯಾಹ್ನ ಪ್ಯಾಕೇಜ್ ಮಟ್ಟದ ಮ್ಯಾಟ್ರಿಕ್ಸ್, ಸಂಜೆ ಇವೆಲ್ಲ ನೋಡಿ ಅರ್ಥವಾದದ್ದನ್ನು ಹತ್ತು ಪೆಟ್ಟಿಗೆ ಮೀರದ ಮರ್ಮೇಡ್ ಚಿತ್ರವಾಗಿ ಬರೆದು, ಹಳಬರ ಮುಂದಿಟ್ಟು ತಪ್ಪು ಹುಡುಕಲು ಹೇಳಿ. ಪ್ರೊಡಕ್ಷನ್ನಿನಲ್ಲಿ ಏನೋ ನಿಧಾನವಾಗಿದೆ ಎಂದಾದರೆ ಇವೆಲ್ಲ ಬಿಟ್ಟು ನೇರ ಟ್ರೇಸಿಗೆ ಹೋಗಿ. ಏಕಶಿಲೆಯ ಸಿಸ್ಟಮ್ಮನ್ನು ಸರ್ವೀಸುಗಳಾಗಿ ಒಡೆಯುವುದಿದ್ದರೆ ಮ್ಯಾಟ್ರಿಕ್ಸ್ ಮತ್ತು ಗಿಟ್ ಜೋಡಿ ಎರಡೂ ಬೇಕು, ಒಡೆಯಬಹುದು ಎಂದು ಒಂದು ಹೇಳಿದ ಜಾಗದಲ್ಲಿ ಇನ್ನೊಂದು ಬೇಡವೆನ್ನುವುದು ಸಾಮಾನ್ಯ.

ಮ್ಯಾಟ್ರಿಕ್ಸಿನಲ್ಲಿ ಕಂಡ ಸುತ್ತು ಮತ್ತೆ ಬರದಂತೆ ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನಾಗಿ ಓಡುವ ತಪಾಸಣೆ) ಕಟ್ಟಿಹಾಕಿ: ಜಾವಾಕ್ಕೆ ಆರ್ಕ್‌ಯುನಿಟ್, ಜಾವಾಸ್ಕ್ರಿಪ್ಟಿಗೆ ಡಿಪೆಂಡೆನ್ಸಿ-ಕ್ರೂಸರ್. ಮೊದಲ ದಿನವೇ 'ಸುತ್ತು ಇರಬಾರದು' ಎಂದು ಹಾಕಿದರೆ ಬಿಲ್ಡ್ ಕೆಂಪಾಗಿ, ವಾರದೊಳಗೆ ಯಾರೋ ಆ ನಿಯಮವನ್ನೇ ತೆಗೆದುಹಾಕುತ್ತಾರೆ. ಈಗಿರುವ ಉಲ್ಲಂಘನೆಗಳನ್ನು ಒಂದು ಫೈಲಿನಲ್ಲಿ ದಾಖಲಿಸಿ, ಹೊಸದಕ್ಕೆ ಮಾತ್ರ ಬಿಲ್ಡ್ ನಿಲ್ಲುವಂತೆ ಮಾಡಿ. ಎರಡೂ ಉಪಕರಣಗಳಲ್ಲಿ ಆ ಸೌಲಭ್ಯ ಇದೆ.